ಮನೆಯಲ್ಲಿ ಮಾತ್ರ ಸಿಗದ ವೈಫೈ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದು ನನಗೂ ಗೊತ್ತು, ನನ್ನ ಆಫೀಸಿನವರಿಗೂ ಗೊತ್ತು. ಶಿವಾಜಿನಗರದ ಮೊಬೈಲ್ ರಿಪೇರಿ ಅಂಗಡಿಯ ಚಾಚಾನಿಗೆ ಮಾತ್ರ, ಪಾಪ, ಗೊತ್ತಿರಲಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ಕಲಬುರಗಿ ಕಡೆಯ ನಾನು ವಿಮಾನಪುರದಲ್ಲಿ ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಮೊಣಕಾಲಿನ ಆಪರೇಷನ್ ಆದಮೇಲೆ ಅವ್ವನನ್ನೂ ಕರೆದುಕೊಂಡು ಬಂದೆ. ಅವಳೊಬ್ಬಳನ್ನೇ ಬಿಟ್ಟು ಹೊತ್ತು ಮುಳುಗುವವರೆಗೆ ಆಫೀಸಿನಲ್ಲಿ ಕೂರುವುದು ಬೇಡವೆಂದು ಒಂದು ಸ್ಮಾರ್ಟ್‌ಫೋನ್ ಕೊಂಡೆ. ಕೆಳಗಿನ ಮನೆಯ ಓನರ್ ತಮ್ಮ ವೈಫೈ ಪಾಸ್‌ವರ್ಡ್ ಕೊಟ್ಟಿದ್ದರು. ಬೇಗ ಮನೆಗೆ ಬಂದು, ಆಫೀಸಿನ ಮೇಲ್‌ಗಳನ್ನು ಅವ್ವನ ಪಕ್ಕದಲ್ಲಿ ಕೂತೇ ನೋಡುತ್ತಿದ್ದೆ.

ಆಯುಧಪೂಜೆಯ ದಿನ ಅವ್ವ ಈಳಿಗೆ, ಕತ್ತರಿ, ನನ್ನ ಫೋನು ಎಲ್ಲವನ್ನೂ ಸಾಲಾಗಿ ಇಟ್ಟು ಕುಂಕುಮ ಹಚ್ಚಿದಳು. ಫೋನಿನ ಹಿಂದಿನ ಕವರಿನ ಒಳಗೆ ಮನೆದೇವರ ಪುಟ್ಟ ಚಿತ್ರ ಅಂಟಿಸಿದಳು. ಅಂಟಿಸಲಿ ಬಿಡು ಎಂದು ನಾನೂ ಸುಮ್ಮನಿದ್ದೆ.

ಹಬ್ಬ ಕಳೆದದ್ದೇ ಫೋನಿಗೆ ವೈಫೈ ಸಿಗುವುದು ನಿಂತುಹೋಯಿತು. ಆಫ್ ಮಾಡಿ ಆನ್ ಮಾಡಿದೆ. ಕಿಟಕಿಗೆ ಹಿಡಿದೆ, ಟೆರೇಸಿಗೆ ಹೋದೆ. ಓನರ್ ಮನೆಯ ವೈಫೈ ಡಬ್ಬಿಯನ್ನೂ ಎರಡು ಸಲ ಆರಿಸಿ ಹಚ್ಚಿಸಿದೆ. ಅವರ ಲ್ಯಾಪ್‌ಟಾಪ್ ಚೆನ್ನಾಗಿಯೇ ನಡೆಯುತ್ತಿತ್ತು. ನನಗೆ ಮಾತ್ರ ಅವರ ಬಾಗಿಲ ಮುಂದಿನ ಮೆಟ್ಟಿಲಲ್ಲಿ ಒಂದೇ ಒಂದು ಗೀಟು ಕಂಡು ಮಾಯವಾಗುತ್ತಿತ್ತು. ಮತ್ತೆ ಆಫೀಸಿನಲ್ಲೇ ಕೂರಬೇಕಾಯಿತು. ಅವ್ವ ಕತ್ತಲಾದ ಮೇಲೂ ಲೈಟಿನ ಸ್ವಿಚ್ಚಿನವರೆಗೆ ನಡೆಯಲಾರದೆ ಹಾಗೇ ಕೂತಿರುತ್ತಿದ್ದಳು.

ಶಿವಾಜಿನಗರದ ಆ ಅಂಗಡಿಯ ಮೂಲೆಯ ಮೇಜಿನಲ್ಲಿ ಚಾಚಾ ಕೂರುತ್ತಿದ್ದರು. ಬಿಳಿ ಗಡ್ಡ, ಒಂದು ಕಣ್ಣಿಗೆ ಭೂತಗನ್ನಡಿ. ಮೊದಲ ಸಲ ಬಿಚ್ಚಿ, ಬ್ರಷ್ಷಿನಿಂದ ಉಜ್ಜಿ, "ನೋಡಿ ಸಾರ್, ನಾಕು ವೈಫೈ ನೆಟ್‌ವರ್ಕ್ ಬರ್ತಾ ಇದೆ" ಎಂದು ತೋರಿಸಿದರು. ನಿಜವೇ, ನಾಲ್ಕು ಇದ್ದವು. ಕವರ್ ಹಾಕಿ ಕೊಟ್ಟರು, ಜೇಬಿಗೆ ಇಳಿಸಿ ಬಸ್ಸಿಗೆ ಓಡಿದೆ. ಮನೆಯಲ್ಲಿ ಸೊನ್ನೆ. ಎರಡನೆಯ ಸಲವೂ ಅದೇ ಕಥೆ.

ಮೂರನೆಯ ಸಲ ಹೋದದ್ದು ಶನಿವಾರ ಮಧ್ಯಾಹ್ನ. ಅಂಗಡಿಯ ತುಂಬ ಗಿರಾಕಿಗಳು. ಚಾಚಾ ಬಿಚ್ಚಿದರು, ಮತ್ತೆ ನಾಲ್ಕು ನೆಟ್‌ವರ್ಕ್. ನನ್ನ ತಲೆ ಕೆಟ್ಟೇ ಹೋಯಿತು.

"ಏನ್ ಚಾಚಾ, ಆಟ ಆಡ್ತಿದೀರಾ? ಇಲ್ಲಿ ಬರತ್ತೆ, ಮನೇಲಿ ಬರಲ್ಲ. ಅದ್ ಹೆಂಗೆ?"

"ನಂಗೂ ಅದೇ ಅರ್ಥ ಆಗ್ತಿಲ್ಲ ಸಾರ್. ಎರಡ್ ದಿನ ಇಲ್ಲೇ ಬಿಟ್ಟೋಗಿ, ನೋಡ್ತೀನಿ."

"ಬಿಟ್ಟೋದ್ರೆ ಉಳಿದಿದ್ದನ್ನೂ ಬದಲಾಯಿಸ್ತೀರಾ? ಮೊದಲು ಮೆಟ್ಟಿಲ ಹತ್ರ ಆದ್ರೂ ಬರ್ತಿತ್ತು. ನೀವು ಮುಟ್ಟಿದ್ಮೇಲೆ ಅದೂ ಹೋಯ್ತು. ಒಳಗಿನ ಒಳ್ಳೆ ಪಾರ್ಟ್ ತೆಗೆದು ಹಾಳಾಗಿದ್ದನ್ನ ಹಾಕಿದೀರಿ. ಕಳ್ಳತನ ಅಲ್ದೆ ಇನ್ನೇನ್ರೀ ಇದು?"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಕೌಂಟರಿನಲ್ಲಿದ್ದ ಅಂಗಡಿಯ ಯಜಮಾನ, ನನ್ನದೇ ವಯಸ್ಸಿನವನು, ಗಿರಾಕಿಗಳ ಮುಖ ನೋಡಿದ. ಆಮೇಲೆ, "ಚಾಚಾ, ಸಾಕು. ನಾಳೆಯಿಂದ ಬರ್ಬೇಡಿ" ಎಂದುಬಿಟ್ಟ.

ಚಾಚಾ ಕವರ್ ಹಾಕಿ, ಎರಡೂ ಕೈಯಿಂದ ಫೋನು ಕೊಟ್ಟು, ತಮ್ಮ ಸಾಮಾನು ಚೀಲಕ್ಕೆ ತುಂಬತೊಡಗಿದರು. ಸುಳ್ಳೇಕೆ ಹೇಳಲಿ, ಆಗ ನನಗೆ ಒಳಗೊಳಗೇ ಖುಷಿಯಾಗಿತ್ತು.

ಸಂಜೆ, ಈ ದರಿದ್ರ ಫೋನೇ ಬೇಡ, ಸಿಮ್ ತೆಗೆದು ಹಳೆಯದಕ್ಕೇ ಹಾಕಿಕೊಳ್ಳೋಣವೆಂದು ಕವರ್ ಬಿಚ್ಚಿ ಅವ್ವನ ಹಾಸಿಗೆಯ ಮೇಲೆ ಇಟ್ಟೆ. ಕೈಯಲ್ಲಿದ್ದ ಫೋನು ಟಿಣ್ ಟಿಣ್ ಎಂದು ಮೇಲ್‌ಗಳನ್ನು ಇಳಿಸಿಕೊಳ್ಳತೊಡಗಿತು. ಕವರ್ ಹಾಕಿದೆ, ವೈಫೈ ಹೋಯಿತು. ತೆಗೆದೆ, ಬಂತು. ಕವರ್ ತಿರುಗಿಸಿ ದೇವರ ಚಿತ್ರದ ಮೇಲೆ ಬೆರಳಾಡಿಸಿದೆ, ಕೆಳಗೆ ಏನೋ ಗಟ್ಟಿಯಾಗಿ ತಾಗಿತು.

"ಅವ್ವಾ, ಈ ಚಿತ್ರದ ಕೆಳಗ ಏನರ ಇಟ್ಟೀಯೇನು?"

"ಮಂತ್ರಿಸಿದ ತಾಮ್ರದ ತಗಡು ಅದನೋ ಯಪ್ಪಾ. ಹೊಸಾ ಸಾಮಾನಕ್ಕ ಯಾರ್ದರ ಕಣ್ಣು ಬಿದ್ದೀತಂತ ಹಚ್ಚೀನಿ. ಯಾಕ, ಏನಾತು?"

ಆ ತಗಡು ಫೋನಿನ ವೈಫೈ ಆಂಟೆನಾದ ಮೇಲೆ ಸರಿಯಾಗಿ ಕೂತು ಸಿಗ್ನಲ್ ತಡೆಯುತ್ತಿತ್ತು. ಅವ್ವನಿಗೆ ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಮೊಣಕಾಲು ನೀವಿಕೊಳ್ಳುವುದನ್ನು ನಿಲ್ಲಿಸಿದಳು.

"ಆ ಹಿರೀ ಮನಶ್ಯಾಗ ಕಳ್ಳ ಅಂದ್ಯಾ?"

"ಹೂಂ."

"ತಗಡು ನಂದು, ಖರೆ. ಬಾಯಿ ನಿಂದು. ಮುಂಜಾನಿ ಎದ್ದು ಹೋಗು."

ಭಾನುವಾರ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಯಜಮಾನನಿಗೆ ಎಲ್ಲ ತೋರಿಸಿ, ಚಾಚಾನಿಗೆ ಫೋನ್ ಮಾಡಿಸಿದೆ. ಅವರು ಹಲಸೂರಿನಿಂದ ಬರುವಷ್ಟರಲ್ಲಿ ಗಿರಾಕಿಗಳು ಸೇರಿದ್ದರು. ಒಳ್ಳೆಯದೇ ಆಯಿತು. ಎಲ್ಲರೆದುರೇ ಗಟ್ಟಿಯಾಗಿ ಹೇಳಿದೆ: "ನಿನ್ನೆ ಇವರನ್ನ ಕಳ್ಳ ಅಂದೆ. ತಪ್ಪು ನಂದು. ಇವರು ಏನೂ ಮಾಡಿಲ್ಲ."

ಚಾಚಾ ಕವರ್ ತಿರುಗಿಸಿ ತಗಡನ್ನು ನೋಡಿದರು. ಹಣೆ ಹಣೆ ಚಚ್ಚಿಕೊಂಡರು.

"ದೇವರ ಫೋಟೋ ಇತ್ತಲ್ಲ ಸಾರ್. ನನ್ನ ಟೇಬಲ್ ತುಂಬ ಗಲೀಜು. ಅದಕ್ಕೇ ನೀವು ಕೊಡ್ತಿದ್ದಂಗೆ ಕವರ್ ತೆಗೆದು, ಒಗೆದ ಕರ್ಚೀಫಲ್ಲಿ ಸುತ್ತಿ ಮೇಲೆ ಇಟ್ಬಿಡ್ತಿದ್ದೆ. ವಾಪಸ್ ಕೊಡುವಾಗ್ಲೇ ಹಾಕೋದು. ಒಂದ್ಸಲ ಹಾಕಿ ನೋಡ್ಬೇಕಿತ್ತು. ಬೇವಕೂಫ್ ನಾನು."

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೂರು ಸಲ ನನ್ನ ದೇವರಿಗೆ ಮರ್ಯಾದೆ ಕೊಟ್ಟ ಮನುಷ್ಯನನ್ನು ನಾನು ಬೀದಿಗೆ ತಂದಿದ್ದೆ.

"ಆಯ್ತಲ್ಲ ಚಾಚಾ, ಕೂತ್ಕೊಳ್ಳಿ. ಕೆಲಸ ಬಿದ್ದಿದೆ" ಎಂದ ಯಜಮಾನ, ತಲೆ ಎತ್ತದೆ.

ಚಾಚಾ ಕೂರಲಿಲ್ಲ. ತಗಡನ್ನು ನಿಧಾನವಾಗಿ ಬಿಡಿಸಿ, ಜೇಬಿನಿಂದ ಕರ್ಚೀಫು ತೆಗೆದು ಸುತ್ತಿ, ನನ್ನ ಕೈಗಿಟ್ಟರು. "ಅಮ್ಮಂಗೆ ಕೊಡಿ. ಕೆಳಗೆ ಬೀಳಿಸ್ಬೇಡಿ."

"ಚಾಚಾ, ನನ್ನ ಮೇಲಿನ ಸಿಟ್ಟಿಗೆ ಕೆಲಸ ಬಿಡ್ಬೇಡಿ" ಎಂದೆ.

"ನಿಮ್ಮ ಮೇಲೆ ಏನ್ ಸಿಟ್ಟು ಸಾರ್? ನೀವು ಹೊರಗಿನೋರು, ನಿಮಗೆ ನಾನ್ಯಾರು ಅಂತ ಗೊತ್ತಿಲ್ಲ. ಇವನ ಅಪ್ಪನ ಕಾಲದಿಂದ ಇಲ್ಲಿ ಕೂತಿದೀನಿ. ಇವನು ಒಂದ್ ಮಾತು ಕೇಳ್ಬೋದಿತ್ತು."

ಹಾಗೆಂದು ಮೆಟ್ಟಿಲಿಳಿದು ಹೊರಟರು. ಹಿಂದಿನ ದಿನ ತುಂಬಿಕೊಂಡು ಹೋಗಿದ್ದ ಸಾಮಾನಿನ ಚೀಲವನ್ನು ಅವರು ತಂದೇ ಇರಲಿಲ್ಲವೆಂಬುದು ಆಗ ಗಮನಕ್ಕೆ ಬಂತು.