ರಕ್ತದ ಬಾಣಂತನ

ಅಂಗಿಯ ಗುಂಡಿಯೊಂದನ್ನು ಹುಡುಕಲು ಹೋಗಿ ಮೊನ್ನೆ ನನ್ನ ಮಾನ ಹೋಯಿತು. ನಮ್ಮ ಮನೆಯಲ್ಲೊಂದು ಬಿಸ್ಕತ್ತಿನ ಡಬ್ಬಿ ಇದೆ. ಅದರೊಳಗೆ ಬಿಸ್ಕತ್ತು ಕಂಡವರಿಲ್ಲ. ನಿಮ್ಮ ಮನೆಯಲ್ಲೂ ಒಂದು ಇರುತ್ತದೆ, ಇಲ್ಲ ಎನ್ನಬೇಡಿ. ಮಗಳು ಅದನ್ನು ಹಾಸಿಗೆಯ ಮೇಲೆ ಸುರುವಿದಳು. ಸೂಜಿ, ದಾರದ ಉಂಡೆ, ಮುರಿದ ಕನ್ನಡಕದ ಕಾಲು, ಇವೆಲ್ಲಕ್ಕಿಂತ ಮೊದಲು ಹೊರಬಿದ್ದದ್ದು ಗುಳಿಗೆಯ ಹಾಳೆಗಳು. ಒಂದರಲ್ಲಿ ನಾಲ್ಕು ಉಳಿದಿವೆ, ಇನ್ನೊಂದರಲ್ಲಿ ಆರು. ಎಲ್ಲವೂ ಆಂಟಿಬಯೋಟಿಕ್, ಎಲ್ಲವೂ ನನ್ನವೇ. ಜ್ವರ ನನ್ನನ್ನು ಬಿಟ್ಟ ಮರುದಿನ ನಾನು ಗುಳಿಗೆಯನ್ನು ಬಿಡುವವಳು. ಮೂವತ್ತು ವರ್ಷ ನರ್ಸ್ ಆಗಿ, ಅರ್ಧಕ್ಕೆ ಬಿಡಬೇಡಿ ಎಂದು ಸಿಂಧನೂರಿನ ಅರ್ಧ ಜನರನ್ನು ಗದರಿಸಿದ ಬಾಯಿ ಇದು.

ಎಲ್ಲಕ್ಕಿಂತ ಮೇಲಿದ್ದ ಹಾಳೆ ಈ ವಾರದ್ದೇ. ಕೆಮ್ಮಿಗೆಂದು ಏಳು ದಿನದ ಗುಳಿಗೆ ಕೊಟ್ಟಿದ್ದರು. ನಾಲ್ಕು ದಿನ ನುಂಗಿ, ಆರಾಮೆನಿಸಿ, ಸದ್ದಿಲ್ಲದೆ ಡಬ್ಬಿಗೆ ಸೇರಿಸಿದ್ದೆ. ಮಗಳು ಅದನ್ನು ಎತ್ತಿ ಹಿಡಿದು ಕೇಳಿದಳು: "ಅವ್ವಾ, ಚೀಟಿ ಬಂತೇನು?"

ಈ ಪ್ರಶ್ನೆ ನಿಮಗೆ ಅರ್ಥವಾಗಬೇಕಾದರೆ ಗುರುಗುಂಟಾದ ಹುಲಿಗೆಮ್ಮನ ಪರಿಚಯ ಆಗಬೇಕು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮಸ್ಕಿಯ ಹುಡುಗಿ, ಬೆಂಗಳೂರಿನಲ್ಲಿ ನರ್ಸಿಂಗ್ ಕಲಿತು ಬಂದು ಸಿಂಧನೂರಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ಸೇರಿದ್ದೆ. ಬೆಂಗಳೂರಿನಿಂದ ನಾನು ತಂದದ್ದು ಎರಡು: ಒಂದು ಕೈಗಡಿಯಾರ, ಇನ್ನೊಂದು ಶುದ್ಧ ಕನ್ನಡ. ನಮ್ಮವ್ವ "ಯಾವಾಗ ಬರ್ತಿ?" ಎಂದು ಕೇಳಿದರೆ "ಮುಂದಿನ ವಾರ ಬರುತ್ತೇನೆ" ಎಂದು ಅಚ್ಚುಕಟ್ಟಾಗಿ ಉತ್ತರಿಸುತ್ತಿದ್ದೆ. ಅವಳು ಪಕ್ಕದ ಮನೆಯವಳಿಗೆ, "ನಮ್ಮ ಹುಡುಗಿ ರೇಡಿಯೋ ಆಗ್ಯಾಳ" ಎಂದು ಹೇಳಿದ್ದಳಂತೆ. ಆಗ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಹುಲಿಗೆಮ್ಮ ಸೂಲಗಿತ್ತಿ. ಅರವತ್ತರ ಮೇಲಿನ ವಯಸ್ಸು, ಗಂಡ ತೀರಿದ್ದ, ಮಕ್ಕಳಿರಲಿಲ್ಲ. ತುರ್ವಿಹಾಳದಲ್ಲಿ ತಂಗಿಯ ಮನೆಗೆ ಬಂದವಳು ವಾಂತಿ-ಭೇದಿ ಹತ್ತಿ ನಮ್ಮಲ್ಲಿಗೆ ದಾಖಲಾದಳು. ಮುಂಗೈಗೆ ಸಣ್ಣ ಪ್ಲಾಸ್ಟಿಕ್ ನಳಿಕೆ ಹಾಕಿ ಸಲೈನ್ ಏರಿಸಿದೆವು. ಆ ಕಾಲದಲ್ಲಿ ಸಲೈನ್‌ಗೆ ಇದ್ದ ಮರ್ಯಾದೆ ನಿಮಗೆ ನೆನಪಿರಬಹುದು. ಬಾಟಲಿ ತೂಗುಹಾಕದ ಡಾಕ್ಟರನ್ನು ಜನ ಡಾಕ್ಟರನೆಂದೇ ಒಪ್ಪುತ್ತಿರಲಿಲ್ಲ. ಎರಡು ದಿನಕ್ಕೆ ಅವಳು ಎದ್ದು ಕೂತಳು. ನಳಿಕೆ ತೆಗೆಯಲು ಹೋದರೆ ಕೈ ಎಳೆದುಕೊಂಡಳು.

"ಇರ್ಲಿ ಬಿಡು ಸಿಸ್ಟರವ್ವ. ಮತ್ತ ವಾಂತಿ ಹತ್ತಿದ್ರ ಮತ್ತ ಚುಚ್ಚಸ್ಕೊಳ್ಳಾಕಿ ನೀನೋ ನಾನೋ?"

ನಾನು ಬಿಟ್ಟೆ. ಅದು ನನ್ನ ಮೊದಲ ತಪ್ಪು. ಅವಳು ಆ ಕೈಯನ್ನು ಎದೆಯ ಎತ್ತರಕ್ಕೆ ಹಿಡಿದುಕೊಂಡು, ಪಟ್ಟಿ ಎಲ್ಲರಿಗೂ ಕಾಣುವಂತೆ, ಮಂಚದಿಂದ ಮಂಚಕ್ಕೆ ಹೋಗಿ ಮಾತಾಡಿಸಿ ಬಂದಳು. ಐದನೆಯ ದಿನ ಮುಂಗೈ ಕೆಂಪಾಗಿ ಊದಿತು. ಸಂಜೆಗೆ ಮಂಚವೇ ಅಲುಗುವಂಥ ಚಳಿಜ್ವರ. ನಳಿಕೆ ಕಿತ್ತು ಹಾಕಿ, ರಕ್ತ ತೆಗೆದು ರಾಯಚೂರಿಗೆ ಕಳಿಸಿದೆವು. ನಳಿಕೆಯ ದಾರಿ ಹಿಡಿದು ಕ್ರಿಮಿ ರಕ್ತಕ್ಕೇ ಇಳಿದಿದೆ ಎಂದು ಅಲ್ಲಿಂದ ಬರೆದು ಬಂತು.

ಇಂಜೆಕ್ಷನ್ ಶುರುವಾಗಿ ನಾಲ್ಕನೆಯ ದಿನಕ್ಕೆ ಜ್ವರ ಇಳಿಯಿತು. ಇಳಿದದ್ದೇ ತಡ, ಹುಲಿಗೆಮ್ಮ ಗಂಟು ಕಟ್ಟಿದಳು. ಗುರುಗುಂಟಾದಲ್ಲಿ ಮೂವರು ಬಸುರಿಯರು ಅವಳ ದಾರಿ ಕಾಯುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕರಿ ದಾರ, ಅದರಲ್ಲಿ ದಿನಕ್ಕೊಂದು ಗಂಟು. ಅವಳ ಲೆಕ್ಕ ಎಂದೂ ತಪ್ಪಿದ್ದಿಲ್ಲವಂತೆ. ಮೈಸೂರು ಕಡೆಯವರಾದ ನಮ್ಮ ಡಾಕ್ಟರು ಎರಡು ವಾರದ ಇಂಜೆಕ್ಷನ್ ಕಟ್ಟಿಕೊಟ್ಟು, ಊರಿನ ಕಂಪೌಂಡರನಿಂದ ಬೆಳಿಗ್ಗೆ-ಸಂಜೆ ಹಾಕಿಸಿಕೊಳ್ಳಲು ಬರೆದರು. ತಿಳಿಸಿ ಹೇಳುವ ಕೆಲಸ ನನ್ನದು. ನಾನು ಬೆಂಗಳೂರಿನ ಕನ್ನಡದಲ್ಲಿ ಹೇಳಿದೆ: "ಎರಡು ವಾರ ತಪ್ಪದೆ ಬೆಳಿಗ್ಗೆ ಸಂಜೆ ಮಾಡಿಸಿಕೊಳ್ಳಬೇಕು, ಅಮ್ಮಾ."

"ಎಲ್ಡು ವಾರ ಏನ್ ಮಹಾ, ಐದು ವಾರ ಬೇಕಾದ್ರ ಹಿಡೀತೀನಿ," ಎಂದಳು. "ಯಾವ ವಾರ?"

"ಇವತ್ತು ಸೋಮವಾರ ಅಲ್ಲವೇ? ಇವತ್ತಿನಿಂದಲೇ."

"ಸೋಮಾರ! ಚಲೋ ಆತು. ನಮ್ಮೂರ ದೇವ್ರು ಅಮರೇಶ್ವರನ ವಾರ."

ಇಂಥ ಉತ್ಸಾಹದ ರೋಗಿಯನ್ನು ನಾನು ಕಂಡಿರಲಿಲ್ಲ. ಹಿಗ್ಗಿ ಬಸ್ಸಿನವರೆಗೂ ಹೋಗಿ ಹತ್ತಿಸಿ ಬಂದೆ.

ಒಂಬತ್ತನೆಯ ದಿನ, ಮಂಗಳವಾರ, ಹುಲಿಗೆಮ್ಮ ಲಿಂಗಸುಗೂರಿನ ಬಸ್ಸಿನಿಂದ ಇಳಿದು, ಕೌದಿ ಹೊದ್ದು, ಹಲ್ಲು ಕಟಕಟ ಎನಿಸುತ್ತ ಬಾಗಿಲಲ್ಲಿ ನಿಂತಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಲಿಂಗಸುಗೂರಿನಲ್ಲೇ ಯಾಕೆ ತೋರಿಸಲಿಲ್ಲ ಎಂದರೆ, "ವಾರ ಹಿಡಿಸಿದಾಕಿ ನೀನು. ಬಿಡಸಾಕಿನೂ ನೀನ ಬೇಕು," ಎಂದಳು.

ಡಾಕ್ಟರು ಓಡಿಬಂದರು. "ಎಷ್ಟು ದಿನ ಹಾಕಿಸಿಕೊಂಡ್ರಿ?"

"ಎಲ್ಡು ವಾರ ಪೂರಾ ಮಾಡೀನ್ರಿ ಸಾಹೇಬ್ರ. ಹ್ವಾದ ಸೋಮಾರ ಒಂದು, ನಿನ್ನಿ ಸೋಮಾರ ಒಂದು. ಮುಂಜಾನಿದು ಆದಮ್ಯಾಗ ಉಪಾಸ, ಸಂಜಿದು ಆದಮ್ಯಾಗ ಊಟ. ಒಂದು ಹನಿ ಚಾ ಸೈತ ಕುಡಿದಿಲ್ಲ."

ಹಾಗೆಂದು ಚೀಲದಿಂದ ಉಳಿದ ಇಪ್ಪತ್ತನಾಲ್ಕು ಬಾಟಲಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡಿದ್ದಳು. ಪ್ರತಿ ಬಾಟಲಿಯ ನೆತ್ತಿಗೂ ಕುಂಕುಮ. ಡಾಕ್ಟರ ಚೀಟಿ ಎಲೆ-ಅಡಿಕೆ ಚೀಲದಲ್ಲಿ ಮಡಿಚಿದ ಹಾಗೆಯೇ ಇತ್ತು. ಸೂಜಿ ಹಾಕಿದ ಕಂಪೌಂಡರನಿಗೂ ಅದನ್ನು ತೋರಿಸಿರಲಿಲ್ಲ, ಗಂಡಸಿಗೆ ತನ್ನ ರೋಗದ ವಿಷಯ ಯಾಕೆ ಎಂಬುದು ಅವಳ ನ್ಯಾಯ.

ನನಗೆ ನೆಲ ಬಿರಿಯಬಾರದೇ ಎನಿಸಿತು. ನಮ್ಮ ಕಡೆ ಏಳು ದಿನಕ್ಕೆ ಯಾರು ವಾರ ಎನ್ನುತ್ತಾರೆ? ಎಂಟು ದಿನ ಎನ್ನುತ್ತಾರೆ. ಎರಡು ವಾರಕ್ಕೆ ಹದಿನೈದು ದಿನ. ವಾರವೆಂದರೆ ದೇವರ ವಾರ, ಹಿಡಿಯುವ ವಾರ, ಉಪವಾಸದ ವಾರ. ಇದು ಮಸ್ಕಿಯಲ್ಲಿ ಹುಟ್ಟಿದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ರೇಡಿಯೋಕ್ಕೆ ಗೊತ್ತಿರಲಿಲ್ಲ.

"ಇವರಿಗೆ ತಿಳಿಸಿ ಹೇಳಿದ್ದು ಯಾರು?" ಡಾಕ್ಟರು ಗುಡುಗಿದರು.

ನಾನು ಬಾಯಿ ತೆರೆಯುವ ಮೊದಲೇ ಆ ನಡುಗುವ ಮುದುಕಿ ಅಂದಳು: "ಹುಡುಗಿ ಬರೋಬ್ಬರಿ ಹೇಳ್ಯಾಳ್ರಿ. ನನ್ನ ಕಿವಿ ಮಂದ ಅದಾವ." ಅವಳ ಕಿವಿ ಎಷ್ಟು ಚುರುಕೆಂದರೆ ಮೂರು ಮಂಚದಾಚೆಯ ಪಿಸುಮಾತಿಗೂ ಉತ್ತರ ಕೊಡುತ್ತಿದ್ದಳು. ನಾನು ಸುಮ್ಮನಾದೆ. ಆ ಸುಮ್ಮನಿದ್ದದ್ದರ ನಾಚಿಕೆ ಇವತ್ತಿಗೂ ಇದೆ.

ಮತ್ತೆ ಇಂಜೆಕ್ಷನ್, ಈ ಸಲ ನಳಿಕೆ ಇಲ್ಲದೆ, ಪ್ರತಿ ಸಲವೂ ಹೊಸದಾಗಿ ಚುಚ್ಚಿ. ಎರಡು ದಿನ ಅವಳು ಉಳಿಯುತ್ತಾಳೋ ಇಲ್ಲವೋ ಎಂಬುದೇ ಅನುಮಾನವಾಗಿತ್ತು. ಡಾಕ್ಟರು ಅವಳ ಎದೆಬಡಿತವನ್ನು ಬಹಳ ಹೊತ್ತು ಆಲಿಸುತ್ತಿದ್ದರು. ಮರಳಿ ಬಂದ ಕ್ರಿಮಿ ಎದೆಯಲ್ಲೋ ಎಲುಬಿನಲ್ಲೋ ಮನೆ ಮಾಡಿದ್ದರೆ ಎಂಬ ಭಯ. ನಾನು ಆ ಎರಡು ದಿನ ಊಟ ಮಾಡಲಿಲ್ಲ. ಅಮರೇಶ್ವರನ ವಾರ ಹಿಡಿದೆ ಎಂದರೂ ನಡೆದೀತು.

ಮೂರನೆಯ ದಿನ ಕಣ್ಣು ಬಿಟ್ಟು ಅವಳು ಕೇಳಿದ ಮೊದಲ ಮಾತು, "ಇನ್ನ ಎಷ್ಟು ದಿನ?" ದಿನ ಎಂದಳು, ವಾರ ಎನ್ನಲಿಲ್ಲ. ಡಾಕ್ಟರೂ ಪಾಠ ಕಲಿತಿದ್ದರು. "ಇಪ್ಪತ್ತೆಂಟು ದಿನ," ಎಂದರು. "ಆದರೆ ಇವತ್ತಿನಿಂದ ಅಲ್ಲ. ಮತ್ತೆ ರಕ್ತ ಕಳಿಸ್ತೀವಿ. ಯಾವ ದಿನದ ರಕ್ತ ಸ್ವಚ್ಛ ಅಂತ ರಾಯಚೂರಿಂದ ಚೀಟಿ ಬರುತ್ತೋ, ಆ ದಿನವೇ ಒಂದನೇ ದಿನ."

ಹುಲಿಗೆಮ್ಮ ಸಿಡಿದಳು. "ಹಂಗಾರ ಈಗ ಚುಚ್ಚಿದ್ದು ಎಣಿಕಿಗೆ ಇಲ್ಲೇನು? ಇದ್ಯಾವ ಇನ್ಸಾಫ್ರಿ? ನಾ ಊರಿಗೆ ಹೊಂಟೆ!"

ಡಾಕ್ಟರು ಕ್ರಿಮಿಯ ಬಗ್ಗೆ ಉಪನ್ಯಾಸ ಶುರುಮಾಡಿದರು. ಅವಳು ಗೋಡೆಗೆ ಮುಖ ಮಾಡಿದಳು. ಆಗ ನನ್ನ ಬಾಯಿಂದ ಬೆಂಗಳೂರು ತಾನಾಗಿಯೇ ಉದುರಿ, ನಮ್ಮವ್ವನ ಮಾತು ಬಂತು.

"ಯಮ್ಮಾ, ಬಾಣಂತನ ಎಂದಿನಿಂದ ಎಣಿಸ್ತಿ? ಬ್ಯಾನಿ ಎದ್ದ ದಿನದಿಂದಲೋ, ಹಡೆದ ದಿನದಿಂದಲೋ?"

ಅವಳು ಈ ಕಡೆ ತಿರುಗಿದಳು. "ಹಡೆದ ದಿನದಿಂದ. ಬ್ಯಾನಿ ಯಾರ್ ಎಣಿಸ್ತಾರ?"

"ಇದೂ ಹಂಗ. ಈಗಿಂದೆಲ್ಲಾ ಬ್ಯಾನಿ. ಚೀಟಿ ಬಂತಂದ್ರ ಹಡದಂಗ. ಮೈ ಹಗುರಾತಂತ ಬಾಣಂತಿನ ಹನ್ನೆರಡನೇ ದಿನಕ್ಕ ಹೊಲಕ್ಕ ಕಳಸ್ತಿಯೇನು?"

"ಕಳಿಸಿದಾಕಿ ಕೈ ಮುರೀತೀನಿ," ಎಂದಳು. ಸ್ವಲ್ಪ ಯೋಚಿಸಿ, "ಅಂದ್ರ ಇದು ರಕ್ತದ ಬಾಣಂತನ ಅನ್ನು," ಎಂದಳು.

ಚೀಟಿ ಬಂದ ಮೇಲೆ ಅವಳನ್ನು ಆಸ್ಪತ್ರೆಯ ಹಿಂದಿದ್ದ ನನ್ನ ಬಾಡಿಗೆ ಕೋಣೆಗೆ ಕರೆದುಕೊಂಡು ಹೋದೆ. ಇನ್ನು ಯಾವ ಕಂಪೌಂಡರನನ್ನೂ ಯಾವ ಕನ್ನಡವನ್ನೂ ನಂಬುವ ಧೈರ್ಯ ನನಗಿರಲಿಲ್ಲ. ಆದರೆ ಬಾಣಂತನ ಎಂಬ ಮಾತು ಕೊಟ್ಟವಳು ನಾನು, ಅವಳು ಅದನ್ನು ಚಾಚೂ ತಪ್ಪದೆ ವಸೂಲು ಮಾಡಿದಳು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಳು. ಬಾಣಂತಿಯರಿಗೆ ಕಟ್ಟುವ ಅಂಟಿನ ಉಂಡಿ ಬೇಕೆಂದಳು. ನಾನು ಕಟ್ಟಿದ ಉಂಡಿ ಒಡೆಯಲು ಒರಳುಕಲ್ಲು ಬೇಕಾಯಿತು. ಸಂಜೆ ಲೋಬಾನದ ಹೊಗೆ. ಒಂದು ದಿನ ನೋಡಲು ಬಂದ ಡಾಕ್ಟರು ಆ ಹೊಗೆಯಲ್ಲಿ ರೋಗಿಯನ್ನು ಹುಡುಕಲಾರದೆ ಕೆಮ್ಮುತ್ತ ಹೊರಟುಹೋದರು. ಗುರುಗುಂಟಾದಿಂದ ಒಬ್ಬ ಬಂದು ಹೆಂಡತಿ ಹಡೆದ ಸುದ್ದಿ ಹೇಳಿದರೆ, ದಾರ ನೋಡಿ, "ಎಲ್ಡು ದಿನ ಮುಂಚಿ ಹಡದಾಳ. ನಾ ಇಲ್ಲಂತ ಅವಸರ ಮಾಡ್ಯಾಳ," ಎಂದು ಮುನಿಸಿಕೊಂಡಳು.

ಇಂಜೆಕ್ಷನ್ನಿಗೂ ಒಂದು ಕರಿ ದಾರ ಇತ್ತು. ಇಪ್ಪತ್ತೆಂಟು ಗಂಟು, ಸಂಜೆಯದು ಆದಮೇಲೆ ಒಂದು ಬಿಚ್ಚುವುದು. ಹಾಗೊಂದು ಸಂಜೆ ನಾನು ತಪ್ಪೊಪ್ಪಿಕೊಂಡೆ. "ಯಮ್ಮಾ, ನಾ ಹೇಳಿದ್ದ ತಪ್ಪಾಗಿತ್ತು. ನೀ ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ?"

"ಗೊತ್ತೈತಿ ಬಿಡು. ಹೊಸ ಹುಡುಗೀನ ನಾಕು ಮಂದ್ಯಾಗ ಬೈದ್ರ ಕೈ ನಡಗತೈತಿ. ಕೈ ನಡಗಿದ್ರ ಕೂಸು ಜಾರತೈತಿ," ಎಂದಳು. ಆಮೇಲೆ ಗಂಟು ಬಿಚ್ಚುತ್ತಲೇ, ನನ್ನ ಮುಖ ನೋಡದೆ, "ಊರಿನ ಹೆಣ್ಣುಮಕ್ಕಳದ್ದೆಲ್ಲಾ ನಾ ಮಾಡೀನಿ. ನನಗ ಬಾಣಂತನ ಮಾಡಿದಾಕಿ ನೀ ಒಬ್ಬಾಕಿನ ನೋಡವ್ವ," ಎಂದಳು. ನಾನು ಸಿರಿಂಜು ಕುದಿಸುವ ನೆಪದಲ್ಲಿ ಎದ್ದುಹೋಗಿ ಅತ್ತೆ.

ಅವಳು ಗಟ್ಟಿಯಾಗಿ ಊರಿಗೆ ಹೋದಳು. ಕೆಲವು ವರ್ಷಗಳ ಮೇಲೆ ಮಸ್ಕಿಯಲ್ಲಿ ನಾನು ಹಡೆದಾಗ, ಯಾರೂ ಕರೆಯದೆ, ಗಂಟು ಹಾಕಿದ ದಾರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹನ್ನೆರಡನೆಯ ದಿನ ನಾನು, ಆರಾಮಾಗಿದ್ದೇನೆ, ಕೆಲಸಕ್ಕೆ ಹೋಗುತ್ತೇನೆ ಎಂದು ಎದ್ದೆ. ಹೊಸ್ತಿಲಿಗೆ ಅಡ್ಡ ಕೂತು ಕೇಳಿದಳು: "ಚೀಟಿ ಬಂತೇನು?" ನಲವತ್ತು ದಿನ ನನ್ನನ್ನು ಹೊರಗೆ ಬಿಡಲಿಲ್ಲ. ಅಂದಿನಿಂದ ಈ ಮನೆಯಲ್ಲಿ ಯಾರು ಯಾವ ಕೆಲಸ ಅರ್ಧಕ್ಕೆ ಬಿಟ್ಟರೂ ಕೇಳುವ ಪ್ರಶ್ನೆ ಇದೊಂದೇ.

ಆಗ ಅವಳ ತೊಡೆಯ ಮೇಲೆ ಮಲಗಿದ್ದ ಕೂಸೇ ಈಗ ಗುಳಿಗೆಯ ಹಾಳೆ ಎತ್ತಿ ಹಿಡಿದು ನನ್ನೆದುರು ನಿಂತಿದ್ದಾಳೆ. ಹುಲಿಗೆಮ್ಮನ ಮುಖ ಅವಳಿಗೆ ನೆನಪಿಲ್ಲ. ಆದರೆ ಸೊಂಟದ ಮೇಲೆ ಕೈಯಿಟ್ಟು ನಿಂತ ಪರಿ ಥೇಟ್ ಅದೇ.

"ಬಂದಿಲ್ಲವ್ವ," ಎಂದೆ. ಹಾಸಿಗೆಯ ಮೇಲಿನ ರಾಶಿಯಿಂದ ಕರಿ ದಾರ ಎಳೆದು, ಉಳಿದ ಮೂರು ದಿನಕ್ಕೆ ಮೂರು ಗಂಟು ಹಾಕಿದೆ. ಮಗಳು ನೀರು ತಂದಳು. ಗುಳಿಗೆ ನುಂಗಿ ಒಂದು ಗಂಟು ಬಿಚ್ಚಿದೆ.