ವಾಡೆಯ ಮುಂದೆ ಜಾರುವ ಗೇರು

ಇವತ್ತು ಬೆಳಿಗ್ಗೆ ಅಫಜಲಪುರದ ನಮ್ಮ ಮನೆಯ ಅಂಗಳದಲ್ಲಿ ಮಡಚುವ ಸೈಕಲ್ಲನ್ನು ತಲೆಕೆಳಗು ಮಾಡಿಕೊಂಡು ಕೂತಿದ್ದೆ. ಆಳಂದ ಕಡೆಯಿಂದ ಬಂದಿದ್ದ ಅಪ್ಪ ಚಹಾ ಹೀರುತ್ತ, ಗ್ರೀಸಿನ ವಾಸನೆಗೆ ಮೂಗು ಸಿಂಡರಿಸಿ, "ಅದರ ಹೊಟ್ಯಾಗ ಏನ್ ಹುಡುಕಾಕತ್ತಿ?" ಎಂದ. ಅದಕ್ಕೆ ಉತ್ತರ ಹೇಳಬೇಕಾದರೆ ಆರು ವರ್ಷ ಹಿಂದಕ್ಕೆ ಹೋಗಬೇಕು. ನೀವೂ ಬನ್ನಿ.

ಸೈಕಲ್ಲು ಮೂಲತಃ ನನ್ನದಲ್ಲ, ಗಂಡನದು. ಹೊಟ್ಟೆ ಕರಗಿಸುತ್ತೇನೆಂದು ತರಿಸಿದ್ದರು. ಎಂಟು ದಿನ ತುಳಿದರು. ಹೊಟ್ಟೆ ಹಾಗೇ ಉಳಿದು ಉತ್ಸಾಹ ಕರಗಿತು. ಆಗ ನಾವು ಜೇವರ್ಗಿಯಲ್ಲಿದ್ದೆವು. ನಾನು ಕಲಿಸುತ್ತಿದ್ದ ಶಾಲೆ ಯಡ್ರಾಮಿ ರಸ್ತೆಯಿಂದ ಮೂರು ಕಿಲೋಮೀಟರು ಒಳಗಿನ ಒಂದು ಹಳ್ಳಿಯಲ್ಲಿತ್ತು. ಹೆಸರು ಬೇಡ, ಅಲ್ಲಿ ಒಳ್ಳೆಯವರೂ ಇದ್ದಾರೆ. ಬಸ್ಸಿನಲ್ಲಿ ಸೈಕಲ್ಲು ಮಡಚಿ ಕಾಲ ಬಳಿ ಇಟ್ಟುಕೊಂಡು, ಕ್ರಾಸಿನಲ್ಲಿ ಬಿಚ್ಚಿ, ತೊಗರಿ ಹೊಲಗಳ ನಡುವೆ ತುಳಿಯುತ್ತ ಹೋಗುತ್ತಿದ್ದೆ.

ಊರ ನಡುವೆ ಒಂದು ಏರು. ಏರಿನ ಮೇಲೆ ಸಾಹುಕಾರರ ವಾಡೆ. ಕಟ್ಟೆಯ ಮೇಲೆ ಸಾಹುಕಾರರು. ಬೆಳಗಿನಿಂದ ಸಂಜೆಯವರೆಗೆ ಕೂತಿರುವುದೇ ಅವರ ಉದ್ಯೋಗ, ಅದನ್ನು ಬಹಳ ನಿಷ್ಠೆಯಿಂದ ಮಾಡುತ್ತಿದ್ದರು. ಮೊದಲ ದಿನ, "ಯಾವೂರ್ರಿ ಟೀಚರ್? ಯಾರ ಪೈಕಿ?" ಎಂದು ಕೇಳಿದ್ದರು. ನಮ್ಮ ಮನೆಯಲ್ಲಿರುವುದು ಬುದ್ಧನ ಪಟ ಎಂದು ತಿಳಿದ ಮಾರನೆಯ ದಿನದಿಂದ ಅವರ ಮಾತಿನ ಕೊನೆಯ 'ರಿ' ಉದುರಿಹೋಯಿತು.

ಎರಡು ತಿಂಗಳಾದ ಮೇಲೆ ಸೈಕಲ್ಲು ಕೈಕೊಡತೊಡಗಿತು. ಏರಿಗೆಂದು ಗೇರು ಬದಲಿಸಿದರೆ ಪೆಡಲು ಸುಮ್ಮನೆ ಗಾಳಿಯಲ್ಲಿ ತಿರುಗುವುದು. ಇಳಿಯಲೇಬೇಕು, ತಳ್ಳಲೇಬೇಕು, ಅದೂ ಸರಿಯಾಗಿ ವಾಡೆಯ ಮುಂದೆ. ಜೇವರ್ಗಿಯ ಮಿಸ್ತ್ರಿಗೆ ತೋರಿಸಿದೆ. ಅವನು ಹಿಂದಿನ ಗಾಲಿಯನ್ನು ಎರಡೂ ಕಡೆಯಿಂದ ನೋಡಿ, "ಮೇಡಮ್, ನಿಮ್ಮ ಗೇರ್ ಯಾರೋ ಕದ್ದಾರ್ರಿ" ಎಂದ. ಈ ಸೈಕಲ್ಲಿನ ಮೂರೂ ಗೇರು ಗಾಲಿಯ ನಡುವಿನ ಡಬ್ಬಿಯೊಳಗೆ ಇರುತ್ತವೆ ಎಂದೆ. ಹಾಗಾದರೆ ಡಬ್ಬಿ ಒಡೆಯೋಣ ಎಂದು ಸುತ್ತಿಗೆ ಎತ್ತಿಕೊಂಡ. ನಾನು ಸೈಕಲ್ಲು ಎತ್ತಿಕೊಂಡು ಓಡಿದೆ.

ಒಂದು ದಿನ ಹೆಡ್‌ಮಾಸ್ತರರು ನನಗೆ ಪ್ರಶಸ್ತಿ ಬಂದಷ್ಟು ಖುಷಿಯಿಂದ ಹೇಳಿದರು: "ಸಾಹುಕಾರ್ರು ನಿಮ್ಮನ್ನ ಭಾಳ ಹೊಗಳಾಕತ್ತಾರ್ರಿ ಮೇಡಮ್. ಕಲ್ತಾಕಿ ಆದ್ರೂ ತನ್ನ ಹದ್ದು ತಿಳದಾಕಿ, ವಾಡೆ ಮುಂದ ಸೈಕಲ್ ಇಳದು ಹೋಗ್ತಾಳ ಅಂದ್ರು."

ನನ್ನ ಕೈಯ ಸೀಮೆಸುಣ್ಣ ಮುರಿಯಿತು. ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಅಪ್ಪ ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಗೌಡರ ಮನೆ ಬಂತೆಂದರೆ ಇಳಿಯುವನು. ಗೋಡೆ ಮುಗಿಯುವ ತನಕ ತಳ್ಳಿಕೊಂಡು ನಡೆದು ಮತ್ತೆ ಹತ್ತುವನು. ಅಪ್ಪನಿಗೆ ದಣಿವಾಗಿದೆ ಎಂದೇ ನಾನು ತಿಳಿದಿದ್ದೆ. ಬಹಳ ವರ್ಷ ಹಾಗೆಯೇ ತಿಳಿದಿದ್ದೆ.

ಆ ಸಂಜೆ, ಗಂಡ ಒಮ್ಮೆಯೂ ತೆರೆಯದ ಸೂಚನಾ ಪುಸ್ತಕ ತೆರೆದೆ. ದೋಷ ಡಬ್ಬಿಯೊಳಗಿರಲೇ ಇಲ್ಲ. ದಿನಾ ಮಡಚಿ ಬಿಚ್ಚಿ ಗೇರಿನ ಕೇಬಲ್ಲು ಸಡಿಲವಾಗಿತ್ತು. ಎರಡನೇ ಗೇರಿಗೆ ಹಾಕಬೇಕು. ಗಾಲಿಯ ಅಚ್ಚಿನ ಬಳಿಯ ಪುಟ್ಟ ಕಿಟಕಿಯಲ್ಲಿ ಕಾಣುವ ಹಳದಿ ಗೆರೆ ಎರಡು ಗೆರೆಗಳ ನಡುವೆ ಬರುವ ತನಕ ಕೇಬಲ್ಲಿನ ನಟ್ಟು ತಿರುಗಿಸಬೇಕು. ಬೆರಳಲ್ಲೇ ತಿರುಗುತ್ತದೆ. ಮುಕ್ಕಾಲು ಸುತ್ತು, ಅಷ್ಟೇ. ಗಂಡ ಪಕ್ಕದಲ್ಲಿ ನಿಂತು, "ನಾ ಅವತ್ತೇ ಹೇಳಿದ್ದೆ" ಎಂದರು. ಏನು ಹೇಳಿದ್ದರೋ ಅವರಿಗೂ ನೆನಪಿರಲಿಲ್ಲ.

ಮರುದಿನ ಏರಿನಲ್ಲಿ ಮೊದಲ ಗೇರು ಹಾಕಿದೆ. ಹಿಡಿಯಿತು. ವಾಡೆಯ ಮುಂದೆ ಕೂತೇ ಹೋದೆ. ನಿಧಾನವಾಗಿ ಹೋದೆ ಎನ್ನಿ, ಸಣ್ಣ ಗಾಲಿ.

"ಯಾಕಬೇ, ಇವತ್ತ ಇಳೀಲಿಲ್ಲ?" ಸಾಹುಕಾರರ ದನಿ.

"ಗೇರ್ ಕೆಟ್ಟಿತ್ರಿ. ಈಗ ರಿಪೇರಿ ಆಗೇದ."

"ಅಂದ್ರ ಇಷ್ಟ್ ದಿನ ಇಳಿತಿದ್ದದ್ದು?"

"ಕೇಬಲ್ ಸಡ್ಲಿತ್ರಿ."

ಕಟ್ಟೆಯ ಮೇಲೆ ಸಾಹುಕಾರರ ಜೊತೆ ಕೂತಿದ್ದವರಲ್ಲಿ ಒಬ್ಬ ನಕ್ಕು, ನಗೆಯನ್ನು ಅವಸರದಿಂದ ಕೆಮ್ಮಾಗಿ ಬದಲಿಸಿದ. ಸಾಹುಕಾರರ ಮರ್ಯಾದೆ ಒಂದು ಸಡಿಲ ತಂತಿಗೆ ಜೋತುಬಿದ್ದಿತ್ತು ಎಂಬ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಗೂ ಬಂದಿತ್ತು. ಅಂದಿನಿಂದ ನಾನು ಬರುವುದು ಕಂಡರೆ ಸಾಹುಕಾರರು ಒಳಗೆದ್ದು ಹೋಗುತ್ತಿದ್ದರು.

ಈ ಕಥೆಯನ್ನು ನಾನು ಹೋದ ಹೋದ ಶಾಲೆಯಲ್ಲೆಲ್ಲ ಹೇಳಿದ್ದೇನೆ. ಎಲ್ಲಿ ನಗಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದೂ ರೂಢಿಯಾಗಿದೆ. ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. ಇವತ್ತು ಹೇಳಿದೆ.

ಅಪ್ಪ ಪೂರ್ತಿ ಕೇಳಿ, ಖಾಲಿ ಕಪ್ಪು ಕೆಳಗಿಟ್ಟ. "ನನ್ನ ಸೈಕಲ್ಲಿಗೆ ಗೇರೇ ಇರ್ಲಿಲ್ಲ. ಆದ್ರೂ ಗೌಡರ ಮನಿ ಮುಂದ ದಿನಾ ಕೆಡ್ತಿತ್ತು ನೋಡು."

ನಾನು ಜೋರಾಗಿ ನಕ್ಕೆ. ಅಪ್ಪ ನಗಲಿಲ್ಲ.

"ಭಾಳ ಶಾಣ್ಯಾ ಮಾತು ಆಡಿದಿ ಯವ್ವಾ. ಆದ್ರ ಅವಗ ಬರೇ ಕೇಬಲ್ಲಿನ ಸುದ್ದಿ ಹೇಳ್ದಿ. ನಿನ್ನ ಸುದ್ದಿ ಹೇಳ್ಲೇ ಇಲ್ಲ. ಗೇರ್ ಸರಿ ಆಗದಿದ್ರ ಏನ್ ಮಾಡ್ತಿದ್ದಿ?"

ಗಾಲಿಯ ಪುಟ್ಟ ಕಿಟಕಿಯಲ್ಲಿ ಹಳದಿ ಗೆರೆ ಆಗಲೇ ನಡುವಿಗೆ ಬಂದಿತ್ತು. ಆದರೂ ನಾನು ತಲೆ ಎತ್ತದೆ ನಟ್ಟನ್ನು ಇನ್ನೂ ಅರ್ಧ ಸುತ್ತು ತಿರುಗಿಸಿದೆ.