ಬೋರ್ಡಣ್ಣ ಬರೆದ ಹಸು

ಪೇಟೆಬೀದಿಯಲ್ಲಿ ತಲೆ ಎತ್ತಿದರೆ ಕಾಣುವುದೆಲ್ಲ ಬೋರ್ಡಣ್ಣನ ಅಕ್ಷರವೇ. ಟೈಲರು, ಹಲ್ಲಿನ ಡಾಕ್ಟರು, ಯಾರ ಬೋರ್ಡಾದರೂ ದಪ್ಪ ಅಕ್ಷರ, ಬಲಗಡೆಗೊಂದು ಕಪ್ಪು ನೆರಳು. ಆ ನೆರಳಿನ ಮೇಲೆ ಅವನಿಗೆ ಸ್ವಲ್ಪ ಜಂಬ. ಸ್ವಲ್ಪ ಎಂದದ್ದು ದಾಕ್ಷಿಣ್ಯಕ್ಕೆ.

ಹೆಂಡತಿಗೆ ಇದರ ಗೊಡವೆಯೇ ಇರಲಿಲ್ಲ. ಅವಳ ಪ್ರಪಂಚವೆಲ್ಲ ಹಿತ್ತಲಲ್ಲಿ ಕಟ್ಟಿದ್ದ ಕೆಂಪಿ ಎಂಬ ಹಸು. ಮೊನ್ನೆ ಮೊನ್ನೆ ಕೆಂಪಿ ಮುದಿಯಾಗಿ ಸತ್ತಮೇಲೆ ಅವಳು ಹಿತ್ತಲ ಬಾಗಿಲು ತೆಗೆಯುವುದನ್ನೇ ಬಿಟ್ಟಳು. ಒಂದು ದಿನ ಊಟಕ್ಕೆ ಬಡಿಸುತ್ತಾ ಅಂದಳು, “ಊರಿಗೆಲ್ಲಾ ಬರೆದ್ರಿ. ನನಗೊಂದು ಕೆಂಪಿ ಚಿತ್ರ ಬರ್ಕೊಡಿ. ಒಂದು ಫೋಟೋನೂ ಇಲ್ಲ.” ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಇದನ್ನೂ ಕೊಡದಿದ್ದರೆ ಅವಳಿಗೆ ಮುಖ ತೋರಿಸುವುದು ಹೇಗೆ?

“ಅದೇನು ಮಹಾ!” ಎಂದ ಬೋರ್ಡಣ್ಣ, ಎಣ್ಣೆಬಣ್ಣ ಕಲಿಯಲು ಪಕ್ಕದ ಬೀದಿಯ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋದ.

“ಮೊದಲು ಆಕಾಶ, ಆಮೇಲೆ ಗುಡ್ಡ, ಆಮೇಲೆ ಹೊಲ. ಹಸು ಕೊನೆಗೆ,” ಎಂದರು ಮೇಷ್ಟ್ರು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಬೋರ್ಡಿನಲ್ಲಿ ಮೊದಲು ಬರುವುದು ಅಂಗಡಿಯ ಹೆಸರು ತಾನೆ? ಮೊದಲು ಹಸು ಬರೆದು ಸುತ್ತ ಹಸಿರು ತುಂಬಿದ. ರೂಢಿಯಂತೆ ಬಲಗಡೆಗೆ ಕಪ್ಪು ನೆರಳನ್ನೂ ಎಳೆದ. ಚಿತ್ರದ ಸೂರ್ಯನೂ ಬಲಗಡೆಗೇ ಇದ್ದ.

“ಇದು ಹೊಲದಲ್ಲಿ ನಿಂತಿಲ್ಲ ಕಣಯ್ಯಾ, ಹೊಲಕ್ಕೆ ಅಂಟಿಕೊಂಡಿದೆ,” ಎಂದು ಮೇಷ್ಟ್ರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಬೋರ್ಡಣ್ಣ ಬ್ರಷ್ಷನ್ನು ಬೈದ. ಕುಣಿಯಲಾರದವಳಿಗೆ ನೆಲ ಡೊಂಕು.

ಎರಡನೆಯದನ್ನು ಬಾಯಿ ಮುಚ್ಚಿಕೊಂಡು ಮೇಷ್ಟ್ರು ಹೇಳಿದಂತೆಯೇ ಬರೆದ. ದೂರದ ಕುರಿಗೆ ಒಂದು ಚುಕ್ಕೆ ಸಾಕು ಎಂದಿದ್ದಕ್ಕೆ ಮಾತ್ರ ಮನಸ್ಸೊಪ್ಪದೆ ಪ್ರತಿಯೊಂದಕ್ಕೂ ನಾಲ್ಕು ಕಾಲು ಕೊಟ್ಟ. ಬೋರ್ಡಿನ ಬಣ್ಣ ಸಂಜೆಗೇ ಒಣಗುತ್ತಿತ್ತು. ಇದು ವಾರವಾದರೂ ಹಸಿ. ದಿನಾ ಬೆಳಿಗ್ಗೆ ಬೆರಳಿಟ್ಟು ನೋಡಿ ನೋಡಿ ಗುಡ್ಡದ ತುಂಬ ಗುಳಿ ಬಿದ್ದವು. ಆದರೂ ಹಸು ಮಾತ್ರ ಲಕ್ಷಣವಾಗಿತ್ತು, ಹಣೆಯಲ್ಲಿ ಬಿಳಿ ಮಚ್ಚೆ ಬೇರೆ.

ಹೆಂಡತಿ ನೋಡಿದಳು. “ಚೆನ್ನಾಗಿದೆ. ಯಾರ ಮನೇದು?”

“ಕೆಂಪಿ ಕಣೇ!”

“ಕೆಂಪಿಗೆ ಮಚ್ಚೆ ಎಲ್ಲಿತ್ತು? ಎಡಗೊಂಬು ಮುರಿದಿತ್ತಲ್ಲಾ, ಅದೂ ಗೊತ್ತಿಲ್ವಾ?” ಎಂದವಳು ಜಗಳ ಕೂಡ ಆಡದೆ ಪಾತ್ರೆ ತೊಳೆಯಲು ಹೋದಳು.

ಜಗಳವಾಡಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಮನೆಯ ಹಸುವಿನ ಮುಖವನ್ನು ಅವನು ಒಂದು ದಿನವೂ ಎದುರು ನಿಂತು ನೋಡಿರಲಿಲ್ಲ. ಹಾಗಾದರೆ ನೋಡಿದ್ದೇನು? ಕೆಲಸದ ಕೋಣೆಯಲ್ಲಿ ಹಿತ್ತಲ ಕಡೆಯ ಕಿಟಕಿಯ ಪಕ್ಕ ಕೂತು ತಲೆ ಕೆರೆದುಕೊಂಡ. ಇಷ್ಟು ವರ್ಷ ಬೆಳಿಗ್ಗೆ ಬಣ್ಣ ಕಲಸುವಾಗ ಈ ಕಿಟಕಿಯಿಂದ ಕಾಣುತ್ತಿದ್ದುದನ್ನೇ ಬರೆಯತೊಡಗಿದ. ಈ ಸಲ ಮೇಷ್ಟ್ರಿಗೂ ತೋರಿಸಲಿಲ್ಲ.

ಮೂರನೆಯ ಚಿತ್ರದಲ್ಲಿ ಹಿತ್ತಲಾಚೆಯ ಮಂಜು ಹೊದ್ದ ಹೊಲವಿತ್ತು. ಅದರ ಮುಂದೆ ಹಿಂಭಾಗ ತೋರಿಸಿ, ಒಂದು ಹಿಂಗಾಲು ಸಡಿಲ ಬಿಟ್ಟು ನಿಂತ ಕೆಂಪು ಹಸು. ಪಕ್ಕದಲ್ಲಿ ಮೋಟು ಮಣೆಯ ಮೇಲೆ ಒಬ್ಬ ಹೆಂಗಸು, ಹಸುವಿನ ಹೊಟ್ಟೆಗೆ ತಲೆ ಆನಿಸಿ ಹಾಲು ಕರೆಯುತ್ತಿದ್ದಳು.

ಹೆಂಡತಿ ಹತ್ತಿರ ಬಂದು ಬಗ್ಗಿ ನೋಡಿದಳು. “ಇವಳು ನಮ್ಮ ಕೆಂಪೀನೇ,” ಎಂದಳು. ಆಮೇಲೆ ಮೆಲ್ಲಗೆ, “ನನ್ನ ಬೆನ್ನು ಇಷ್ಟು ಬಾಗಿತ್ತಾ?”

“ಹೂಂ.”

“ದಿನಾ ನೋಡ್ತಿದ್ರಾ?”

“ದಿನಾ.”

ಅವಳು ಕಣ್ಣೊರೆಸಿಕೊಂಡಳು. “ದಿನಾ ನೋಡ್ತಿದ್ದೋರು, ಒಂದಿನ ಬಂದು ಹಾಲಿನ ಬಕೆಟ್ ಎತ್ತಬಾರದಿತ್ತಾ?”

ಚಿತ್ರವನ್ನು ಒಳಗೊಯ್ಯಲು ಅವಳು ಬಗ್ಗಿದಾಗ, “ತಡಿ, ಭಾರ ಇದೆ,” ಎಂದು ಅವನೇ ಮುಂದೆ ಬಂದು ಎತ್ತಿಕೊಂಡ.